ಮಾಂತ್ರಿಕ ಮುಟ್ಟಿದ ಕುದುರೆ

ಬಹುಕಾಲದ ಹಿಂದೆ ಸಿರಿಹೊಳಲು ಎಂಬ ರಾಜ್ಯದಲ್ಲಿ ಚದುರಂಗ ಬಲ್ಲವರಿಗೆ ರಾಜನಿಗಿಂತ ಹೆಚ್ಚು ಮರ್ಯಾದೆಯಿತ್ತು. ಅಲ್ಲಿಗೆ ಅಂಜನಕೇತು ಎಂಬ ಮಾಂತ್ರಿಕ ಬಂದ. ಅವನೆದುರು ಸೋತವರು ಕೂತಲ್ಲೇ ಕಿರಿದಾಗಿ ಮರದ ಕಾಯಿಗಳಾಗುತ್ತಿದ್ದರು. ನೋಡನೋಡುತ್ತ ಊರಿನ ಆಟಗಾರರೆಲ್ಲ ಅವನ ಚದುರಂಗದ ಹಾಸಿನ ಮೇಲೆ ನಿಂತರು. ಕೊನೆಗೆ ಹೋದವನು ಬೀಚಣ್ಣ. ಆಟಕ್ಕಿಂತ ಬಾಯಿಯೇ ಜೋರು, ಪಾಪ. ಅವನು ಬಿಳಿ ಕುದುರೆಯಾದ.

ಸುದ್ದಿ ಕೇಳಿ ಅವನ ಅಕ್ಕ ನಾಗಲೆ ಸೆರಗು ಸಿಕ್ಕಿಸಿಕೊಂಡು ಹೊರಟಳು. ಆಟದಲ್ಲಿ ಅವಳು ಸಾಮಾನ್ಯಳಲ್ಲ.

“ಮೂರು ಆಟ,” ಎಂದ ಮಾಂತ್ರಿಕ. “ಒಂದು ಗೆದ್ದರೂ ಎಲ್ಲರನ್ನೂ ಬಿಡುತ್ತೇನೆ. ಮೂರೂ ಸೋತರೆ ನೀನೂ ನನ್ನ ಕಾಯಿ.”

ಕಾಯಿಗಳು ಉಸಿರಾಡುತ್ತಿದ್ದವು. ಹೊಡೆದ ಕಾಯಿಯನ್ನು ಅಂಜನಕೇತು ದವಡೆಯಲ್ಲಿಟ್ಟು ಚೀಪುತ್ತಿದ್ದ. ಆಟ ಮುಗಿದ ಮೇಲೆ ಉಗುಳುತ್ತಿದ್ದ. ಅಷ್ಟರಲ್ಲಿ ಅದು ತನ್ನ ಹೆಸರು, ಮನೆ, ಮಂದಿಯನ್ನೆಲ್ಲ ಮರೆತಿರುತ್ತಿತ್ತು.

ಬಿಳಿ ಕಾಯಿಗಳು ನಾಗಲೆಯ ಪಾಲಿಗೆ ಬಂದವು. ಮೊದಲ ಆಟದಲ್ಲಿ ತಮ್ಮನನ್ನು ಮೂಲೆಯಲ್ಲಿ ಬಚ್ಚಿಟ್ಟಳು. ಸೋತಳು. ಕಾಲು ಮಂಡಿಯವರೆಗೆ ಮರವಾಯಿತು. ಎರಡನೆಯ ಆಟದಲ್ಲೂ ಬಚ್ಚಿಟ್ಟಳು. ಸೋತಳು. ಸೊಂಟದವರೆಗೆ ಮರವಾಯಿತು. ಕುದುರೆಯನ್ನು ಕಟ್ಟಿಹಾಕಿ ಇಂಥವನನ್ನು ಗೆಲ್ಲುವುದು ಯಾರಿಂದಾದೀತು?

ಮೂರನೆಯ ಆಟದಲ್ಲಿ ಕುದುರೆ ಪಿಸುಗುಟ್ಟಿತು: “ಅಕ್ಕಾ, ನನ್ನನ್ನ ಮುಂದೆ ಬಿಡೇ.”

“ನನ್ನನ್ನೇ ಮರೆತುಬಿಡ್ತೀಯ ಕಣೋ.”

“ನೀನು ಮರೀಬೇಡ, ಸಾಕು.”

ನಾಗಲೆ ಕುದುರೆಯನ್ನು ಎದುರಾಳಿಯ ಮಂತ್ರಿಯ ಮುಂದೆ ಇಟ್ಟಳು.

ಅಂಜನಕೇತು ದಡ್ಡನಲ್ಲ. ಅದನ್ನು ಹೊಡೆದರೆ ತನ್ನ ರಾಜನ ಕಾವಲು ತೆರೆಯುತ್ತದೆ ಎಂದು ಕಂಡುಕೊಂಡ. “ಇಷ್ಟು ಚಿಕ್ಕ ಬಲೆಗೆ ನಾನು ಬೀಳ್ತೀನಾ, ಹುಡುಗಿ?” ಎಂದು ನಕ್ಕ. ನಗುತ್ತಲೇ ನಡುಗುವ ಕುದುರೆಯ ಕತ್ತು ಸವರಿದ. ಹೆದರಿದ ಜೀವ ಕಂಡರೆ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ನಾಗಲೆ ಕಾದದ್ದು ಅದಕ್ಕೇ.

“ಮುಟ್ಟಿದೆ!” ಎಂದಳು. “ಎದುರಿನ ಕಾಯಿ ಮುಟ್ಟಿದ ಮೇಲೆ ಹೊಡೆಯಲೇಬೇಕು. ಆಟದ ಕಟ್ಟಳೆ.”

ಆ ಕಟ್ಟಳೆ ಅವನ ಮಂತ್ರಗಳಿಗಿಂತ ಹಳೆಯದು. ಅವನು ಬೇಡವೆಂದರೂ ಕೈ ತಾನಾಗಿ ಕುದುರೆಯನ್ನು ಹೊಡೆದು ಬಾಯಿಗೆ ಹಾಕಿತು. ನಾಗಲೆಯ ಆನೆ ನೆಟ್ಟಗೆ ನುಗ್ಗಿತು.

“ನಿನ್ನ ರಾಜ ಸೆರೆ.”

ಅಂಜನಕೇತು ಕುದುರೆಯನ್ನು ಉಗುಳಿ, ಕಿರುಚುತ್ತ ಕಿರುಚುತ್ತ ಕರಿ ಕಾಲಾಳಾಗಿ ಕುಗ್ಗಿದ. ಕಾಯಿಗಳೆಲ್ಲ ಮನುಷ್ಯರಾಗಿ ಎದ್ದವು. ನಾಗಲೆಯ ಕಾಲಿಗೆ ರಕ್ತ ಹರಿಯಿತು. ಮರೆತವರನ್ನು ಅವರವರ ಮನೆಯವರು ಹೆಸರು ಹಿಡಿದು ಕರೆದು, ಕೈಹಿಡಿದು ಕರೆದೊಯ್ದರು. ಆ ರಾಜ್ಯ ಮತ್ತೆ ನಕ್ಕಿತು, ಬಹುಕಾಲ ಸುಖವಾಗಿ ಬಾಳಿತು.

ಬೀಚಣ್ಣ ಮಾತ್ರ ದಾರಿಯುದ್ದಕ್ಕೂ ನಾಗಲೆಯನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದ.

“ನೀವು ನನ್ನ ಅಕ್ಕ ಅಂತೆ, ಹೌದಾ?”

“ಹೌದು.”

“ನಾನು ಚದುರಂಗ ಆಡ್ತಿದ್ನಂತೆ. ಚೆನ್ನಾಗಿ ಆಡ್ತಿದ್ನಾ?”

ನಾಗಲೆ ಕಣ್ಣೊರೆಸಿಕೊಂಡಳು.

“ನನಗಿಂತ ಚೆನ್ನಾಗಿ,” ಎಂದಳು.