ಮೂರು ಚೀಟಿ, ಒಂದೇ ಬಾಣಲೆ

"ಮದುವೆ ಮುರಿದ್ರೆ ಮುರೀಲಿ ಅಮ್ಮ. ದೇವರ ಮುಂದೆ ಮೋಸ ಮಾಡಿದೋಳು ಅನ್ನಿಸ್ಕೊಂಡು ಮಾತ್ರ ನಾನು ಈ ಗೇಟು ದಾಟಲ್ಲ."

ಹೀಗೆಂದ ಯಶಶ್ರೀ ನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಬಿಗಿದ ಮುಷ್ಟಿಯೊಳಗೆ ಏನೋ ಇತ್ತು. ಶುಕ್ರವಾರ ಮಧ್ಯಾಹ್ನ ಮೂರೂವರೆ ಗಂಟೆ. ಕೆಳಗಿನ ಮನೆಯಲ್ಲಿ ಜಗಳ ಇನ್ನೂ ನಿಂತಿರಲಿಲ್ಲ.

ಚಾಮರಾಜಪೇಟೆಯ ಆ ಮನೆ ತರಕಾರಿ ಮಂಡಿಯ ಮುನಿನಾರಾಯಣಪ್ಪನವರದು. ಮೇಲಿನ ಎರಡು ಕೋಣೆಗಳಲ್ಲಿ ಚೂಡಾಮಣಿಯಮ್ಮ ಬಾಡಿಗೆಗಿದ್ದರು. ಹೈಸ್ಕೂಲೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು ನಿವೃತ್ತರಾದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ವಿನುತಾ, ಅವರ ಜೊತೆಗೇ ಇದ್ದು ಅಡುಗೆ ಮಾಡುತ್ತಿದ್ದೆ. ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ, ಜನ ಸ್ಟೇಷನ್ನಿಗೆ ಹೋಗುವ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

"ಒಳಗೆ ಬಾ. ಏನೂ ಬಿಡದೆ ಹೇಳು," ಎಂದರು ಚೂಡಾಮಣಿಯಮ್ಮ.

ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ನಾನೇ ಕಣ್ಣಾರೆ ಕಂಡಿದ್ದೆ. ಬೀಗರಾಗುವವರು ಬರುತ್ತಾರೆಂದು ಮುನಿನಾರಾಯಣಪ್ಪನವರ ತಾಯಿ ಮುತ್ಯಾಲಮ್ಮಜ್ಜಿ ನನ್ನನ್ನೂ ಬೆಳಿಗ್ಗೆ ಕೆಲಸಕ್ಕೆ ಕರೆದಿದ್ದರು. ಅಜ್ಜಿಯ ಮೊಮ್ಮಗ ವೇಣುವಿಗೆ ಬಸವನಗುಡಿಯ ಮುನಿಸ್ವಾಮಿಯವರ ಮಗಳು ಯಶಶ್ರೀಯನ್ನು ತರುವ ಮಾತು ನಡೆದಿತ್ತು. ನಿಶ್ಚಯಕ್ಕೆ ಮುಂಚೆ ಭಾನುವಾರ ಎರಡೂ ಮನೆಯವರು ಹೊರಗೆ ಒಂದು ಕಡೆ ಕೂತು ಊಟ ಮಾಡಬೇಕು. ಎಲ್ಲಿ ಎನ್ನುವುದಕ್ಕೇ ಜಗಳ ಹತ್ತಿಕೊಂಡಿತು.

ಯಶಶ್ರೀ ಹೇಳಿದ್ದು ಸಂಪಿಗೆ ರಸ್ತೆಯ ಅಡ್ಡರಸ್ತೆಯೊಂದರ ಸಣ್ಣ ಸ್ಪ್ಯಾನಿಷ್ ಹೋಟೆಲು. ಮರದ ಬೆಂಚು, ಮೇಲೆ ಫ್ಯಾನು, ಚಪ್ಪಲಿ ಹಾಕಿಕೊಂಡೇ ಹೋಗಬಹುದಾದ ಜಾಗ. ಅಗಲವಾದ ಬಾಣಲೆಯಲ್ಲಿ ಕೇಸರಿ ಹಾಕಿ ಬೇಯಿಸಿದ ಅನ್ನವನ್ನು ಬಾಣಲೆ ಸಮೇತ ಮೇಜಿನ ನಡುವೆ ಇಡುತ್ತಾರೆ, ಸುತ್ತ ಕೂತವರು ಅದರಿಂದಲೇ ತಿನ್ನುತ್ತಾರೆ.

"ಆ ಅನ್ನ ಮಾಡೋದು ನಾನೇ," ಎಂದಿದ್ದಳು ಯಶಶ್ರೀ. "ನನ್ನ ಕೆಲಸ ನೋಡಿ ಆಮೇಲೆ ಒಪ್ಕೊಳಿ, ಇಲ್ಲ ಬಿಡಿ."

"ಒಂದೇ ಬಾಣಲೇಲಿ ಎಲ್ರೂ ಕೈ ಹಾಕೋದಾ? ಎಂಜಲು," ಎಂದರು ಅಜ್ಜಿ.

ವೇಣುವಿನ ಸೋದರಮಾವ ಚಿದಂಬರನಿಗೆ ಅಕ್ಕಿಪೇಟೆಯಲ್ಲಿ ಮಿಲಿಟರಿ ಹೋಟೆಲ್ ಇತ್ತು. "ನನ್ನ ಹೋಟ್ಲು ಇರುವಾಗ ಕಂಡೋರ ಹೋಟ್ಲಿಗೆ ಹೋದ್ರೆ ನಾನು ಮುಖ ಎಲ್ಲಿಡ್ಲಿ?" ಎಂದು ಅವನು ಮೇಜು ಕುಟ್ಟಿದ. ವೇಣುವಿನ ಸೋದರತ್ತೆ ಪ್ರೇಮಲತಾ ವಿಶ್ವೇಶ್ವರಪುರಂನ ಎಲೆ ಊಟದ ಮೆಸ್ಸೇ ಆಗಬೇಕೆಂದಳು. ತನ್ನ ಮಗಳನ್ನೇ ವೇಣುವಿಗೆ ಕೊಡಬೇಕೆಂದಿದ್ದವಳು ಅವಳು.

"ಬಾಗಿಲಿಗೆ ಸ್ಟಿಕ್ಕರ್ ರಂಗೋಲಿ ಅಂಟಿಸೋಳು ನೀನು, ಎಲೆ ಊಟದ ಶಾಸ್ತ್ರ ಹೇಳ್ತೀಯ?" ಎಂದು ಅಜ್ಜಿ ಮಗಳ ಬಾಯಿ ಮುಚ್ಚಿಸಿದರು. ಆ ಮನೆಯ ಅಂಗಳಕ್ಕೆ ದಿನವೂ ಚುಕ್ಕಿಯಿಟ್ಟು ರಂಗೋಲಿ ಬಿಡುತ್ತಿದ್ದವರು ಅಜ್ಜಿಯೇ.

ಕೊನೆಗೆ ಚೀಟಿ ಹಾಕಿ ದೇವಿಯನ್ನೇ ಕೇಳೋಣ ಎಂದಾಯಿತು. ಅಜ್ಜಿ ಸ್ನಾನ ಮಾಡಿ ಬಂದು, ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಮೂಲೆಗಳಿಗೆ ಹಸಿ ಅರಿಶಿನ ಹಚ್ಚಿ ಕೊಟ್ಟರು. ಅವರಿಗೆ ಓದಲು ಬಾರದ ಕಾರಣ ಆ ಮನೆಯ ಚೀಟಿಗಳಲ್ಲಿ ಯಾವಾಗಲೂ ಚಿತ್ರವೇ ಇರುತ್ತಿತ್ತು. ಯಶಶ್ರೀ ಪಕ್ಕದ ಕೋಣೆಯಲ್ಲಿ ಕೂತು ಕುರಿ, ಬಾಳೆಲೆ, ಬಾಣಲೆ ಬರೆದು ಮಡಚಿ ತಂದಳು. ಯಾರೂ ಬಿಡಿಸಿ ನೋಡಲಿಲ್ಲ. ಅಜ್ಜಿ ಒಂದನ್ನು ಎತ್ತಿದರು. ಬಾಣಲೆ ಬಂತು.

ಮಧ್ಯಾಹ್ನ ಅಲ್ಲೇ ಊಟವಾಯಿತು. ಅಜ್ಜಿ ಎಲೆಯಡಿಕೆ ಡಬ್ಬಿ ತೆಗೆದು ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟರು. ಚಿದಂಬರ ಅದೇ ಡಬ್ಬಿಯಿಂದ ಎರಡೆಲೆ ಎತ್ತಿಕೊಂಡ. ಉಳಿದ ಎರಡು ಚೀಟಿ ದೇವರ ಮನೆಯ ತಟ್ಟೆಯಲ್ಲೇ ಇದ್ದವು, ಎಲ್ಲರೂ ಅತ್ತ ಓಡಾಡುತ್ತಿದ್ದರು. ಮೂರು ಗಂಟೆಗೆ ಬೀಗರು ಹೊರಟಾಗ ಅಜ್ಜಿ, "ಪ್ರೇಮಾ, ಆ ಎರಡನ್ನೂ ಬಿಚ್ಚಿ ನೋಡು," ಎಂದರು.

ಎರಡರಲ್ಲೂ ಬಾಣಲೆಯೇ ಇತ್ತು.

"ಕಳ್ಳಿ," ಎಂದು ಪ್ರೇಮಲತಾ ಚೀಟಿಗಳನ್ನು ಯಶಶ್ರೀಯ ಮುಖಕ್ಕೆ ಎಸೆದಳು. ಹುಡುಗಿಯ ಅಪ್ಪ ಮುನಿಸ್ವಾಮಿ ಕಿವಿಯವರೆಗೆ ಕೆಂಪಾದರು. ವೇಣು ಗೋಡೆ ನೋಡುತ್ತ ನಿಂತಿದ್ದ.

ಯಶಶ್ರೀ ಈಗ ಮುಷ್ಟಿ ಬಿಚ್ಚಿದಳು. ಮೂರೂ ಚೀಟಿ ಅಲ್ಲಿದ್ದವು. ಚೂಡಾಮಣಿಯಮ್ಮ ಅವನ್ನು ಕಿಟಕಿಯ ಬೆಳಕಿನಲ್ಲಿ ಹರಡಿದರು.

"ವಿನುತಾ, ಏನ್ ಕಾಣುತ್ತೆ?"

"ದೇವಿ ಕೊಟ್ಟ ಚೀಟಿಯ ಮೂಲೆ ಪೂರ್ತಿ ಹಳದಿ," ಎಂದೆ. "ಇನ್ನೆರಡರಲ್ಲಿ ಹಳದಿ ಮೇಲೆ ಕೆಂಪು. ಕುಂಕುಮ ಇರ್ಬೇಕು."

ಅವರು ಕೆಂಪನ್ನು ಬೆರಳಿನಿಂದ ಉಜ್ಜಿದರು. ಪುಡಿ ಉದುರಲಿಲ್ಲ. "ಚುಕ್ಕಿ ನೋಡು."

ಅನ್ನದ ಅಗುಳೆಂದು ಬಾಣಲೆಯೊಳಗೆ ಚುಕ್ಕಿಗಳಿದ್ದವು. ಮೊದಲ ಚೀಟಿಯಲ್ಲಿ ಅವು ಚೆಲ್ಲಾಪಿಲ್ಲಿ. ಮಿಕ್ಕೆರಡರಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು, ಅಳೆದಿಟ್ಟ ಹಾಗೆ.

"ಹೋದ ವರ್ಷ ಅಜ್ಜಿ ಅಂಗಡಿ ಜಾಗಕ್ಕೆ ಚೀಟಿ ಹಾಕಿದ್ರಲ್ಲ, ಮಿಕ್ಕ ಚೀಟಿ ಏನ್ಮಾಡಿದ್ರು?"

"ಬಿಚ್ಚಲಿಲ್ಲಮ್ಮ. ದೇವಿ ಬೇಡ ಅಂದಿದ್ದನ್ನ ನೋಡಬಾರ್ದು ಅಂತ ಅಜ್ಜಿ ತುಳಸಿ ಮಣ್ಣಲ್ಲಿ ಹೂತ್ರು."

ಚೂಡಾಮಣಿಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡರು. "ಎಲ್ರನ್ನೂ ನಡುಮನೇಲಿ ಕೂರಿಸು. ನಾನು ಬಂದೆ."

ಕೆಳಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಬಾಡಿಗೆದಾರರು ಮನೆ ಪಂಚಾಯ್ತಿ ಮಾಡೋಕ್ ಬಂದ್ರು," ಎಂದ ಚಿದಂಬರ.

"ನಿಮ್ಮ ಹೋಟ್ಲಲ್ಲಿ ಮೂಳೆ ಎಣಿಸ್ಕೊಂಡಿರಿ, ಚೀಟಿ ನಾನು ಎಣಿಸ್ತೀನಿ," ಎಂದರು ಚೂಡಾಮಣಿಯಮ್ಮ. "ಪ್ರೇಮಾ, ಆರತಿ ನೀರು ಕೆಂಪಗೆ ಹೇಗ್ ಮಾಡ್ತೀಯ?"

"ಅರಿಶಿನದ ನೀರಿಗೆ ಸುಣ್ಣ. ಅದೂ ಗೊತ್ತಿಲ್ವಾ ನಿಮಗೆ?"

"ನನಗೆ ಗೊತ್ತು. ಈ ಮನೇಲಿ ಎಲ್ರಿಗೂ ಗೊತ್ತು. ಆದ್ರೂ ಈ ಮೂಲೆ ಕೆಂಪನ್ನ ಯಾರೂ ಗಮನಿಸ್ಲಿಲ್ಲ, ವಿನುತಾ ಕುಂಕುಮ ಅಂದ್ಕೊಂಡ್ಲು." ಅವರು ಚೀಟಿಗಳನ್ನು ಚಾಪೆಯ ಮೇಲಿಟ್ಟರು. "ಬೆಳಿಗ್ಗೆ ಅರಿಶಿನ ಹಚ್ಚಿದ ಕೈ ಸ್ನಾನ ಮಾಡಿ ಬಂದ ಕೈ. ಅದಕ್ಕೇ ಮೊದಲ ಚೀಟಿ ಬರೀ ಹಳದಿ. ಈ ಎರಡನ್ನ ಮಾಡಿದ ಬೆರಳಲ್ಲಿ ಸುಣ್ಣ ಇತ್ತು. ಅಂದ್ರೆ ಇವು ಊಟ ಆಗಿ, ಎಲೆಯಡಿಕೆ ಆದ್ಮೇಲೆ ಹುಟ್ಟಿದ ಚೀಟಿ. ಯಶಶ್ರೀ ಬೆಳಿಗ್ಗೆ ಬರೆದಿದ್ದಲ್ಲ."

"ಹಂಗಾದ್ರೆ ನಮ್ಮ ಚಿದಂಬರನೇ," ಎಂದಳು ಪ್ರೇಮಲತಾ ತಡಮಾಡದೆ.

"ನಾಲಿಗೆ ಬಿಗಿ ಹಿಡಿ," ಎಂದು ಚಿದಂಬರ ಎದ್ದ. "ಬಿಚ್ಚಿದೋಳು ನೀನು."

"ಕೂತ್ಕೊಳಿ. ಪ್ರೇಮಾ ಎಲೆಯಡಿಕೆ ಹಾಕಲ್ಲ, ಅವಳ ಬೆರಳಲ್ಲಿ ಸುಣ್ಣ ಇಲ್ಲ. ನಿಮ್ಮ ಬೆರಳಲ್ಲಿ ಸುಣ್ಣ ಇದೆ. ಎಲ್ಲಿ, ಈ ಹಾಳೆ ಮೇಲೆ ನಾಲ್ಕು ಸಾಲು ಚುಕ್ಕಿ ಇಡಿ ನೋಡೋಣ."

ಚಿದಂಬರ ಇಟ್ಟ. ಎರಡನೇ ಸಾಲೇ ಓರೆಯಾಯಿತು.

"ದಿನಾ ಅಂಗಳದಲ್ಲಿ ಚುಕ್ಕಿ ಇಡೋ ಕೈ ಅಗುಳನ್ನೂ ಸಾಲಾಗೇ ಇಡುತ್ತೆ, ಬೇಡ ಅಂದ್ರೂ ಇಡುತ್ತೆ. ಸುಣ್ಣವೂ ಇದ್ದು ರಂಗೋಲಿಯೂ ಬರೋ ಕೈ ಈ ಮನೇಲಿ ಒಂದೇ. ಮಿಕ್ಕ ಚೀಟಿ ಬಿಚ್ಚಬಾರ್ದು ಅನ್ನೋ ನಿಯಮ ಯಾರದೋ, ಬಿಚ್ಚು ಅಂತ ಇವತ್ತು ಹೇಳಿದ್ದೂ ಅವರೇ."

ಎಲ್ಲರ ಕಣ್ಣೂ ಮುತ್ಯಾಲಮ್ಮಜ್ಜಿಯ ಕಡೆ ಹೊರಳಿತು. ಮುನಿನಾರಾಯಣಪ್ಪ ತಾಯಿಯ ಮುಂದೆ ಬಂದು ನಿಂತರು. "ನಮ್ಮಮ್ಮ ದೇವಿ ವಿಷಯದಲ್ಲಿ ಸುಳ್ಳು ಹೇಳಲ್ಲ."

"ಹೇಳಲ್ಲ, ನಿಜ," ಎಂದರು ಚೂಡಾಮಣಿಯಮ್ಮ. "ಅದಕ್ಕೇ ದೇವಿ ಕೊಟ್ಟ ಚೀಟಿ ಮುಟ್ಟಲಿಲ್ಲ. ನಿಜವಾದ ಮಿಕ್ಕೆರಡನ್ನ ಬಚ್ಚಲ ಒಲೆಗೂ ಹಾಕಿರಲ್ಲ. ವಿನುತಾ, ತುಳಸಿ ಮಣ್ಣು ಕೆದಕು."

ನಾನು ಹಿತ್ತಲಿಗೆ ಹೋದೆ. ಮಣ್ಣು ಹಸಿಯಾಗಿತ್ತು. ಎರಡು ಬೆರಳಿನ ಆಳದಲ್ಲಿ ಮಡಚಿದ ಚೀಟಿಗಳು ಸಿಕ್ಕವು. ತಂದು ಚಾಪೆಯ ಮೇಲೆ ಬಿಡಿಸಿದೆ. ಒಂದರಲ್ಲಿ ಕುರಿ, ಒಂದರಲ್ಲಿ ಬಾಳೆಲೆ, ಎರಡರ ಮೂಲೆಯೂ ಹಳದಿ.

ಅಜ್ಜಿ ಆ ಎರಡನ್ನೂ ಮತ್ತೆ ಮಡಚಿಟ್ಟರು. ಆಮೇಲೆ ಯಶಶ್ರೀಯನ್ನು ನೆಟ್ಟಗೆ ನೋಡಿದರು. "ಇಪ್ಪತ್ತು ವರ್ಷ ಸೊಪ್ಪಿನ ಬುಟ್ಟಿ ಹೊತ್ತು ಬೀದಿ ಸುತ್ತಿದೀನಿ, ಈ ಮನೆ ಹೆಂಗಸ್ರು ಕಂಡೋರ ಮುಂದೆ ನಿಲ್ಲಬಾರ್ದು ಅಂತ. ನೀನು ಊರೋರ ಮುಂದೆಲ್ಲ ಬಾಣಲೆ ಹಿಡ್ಕೊಂಡು ನಿಲ್ತೀಯ. ನನಗೆ ನೀನು ಬೇಡ. ಈಗ್ಲೂ ಬೇಡ."

"ಅದನ್ನ ಬೆಳಿಗ್ಗೆನೇ ಬಾಯಿಬಿಟ್ಟು ಹೇಳ್ಬಹುದಿತ್ತು," ಎಂದಳು ಯಶಶ್ರೀ.

ವೇಣು ಮುಂದೆ ಬಂದ. "ಎಲ್ಲ ಸರಿಹೋಯ್ತಲ್ಲ ಯಶು. ಭಾನುವಾರ ಹೋಗೋಣ. ನಾನು ಅಜ್ಜಿಗೆ ಹೇಳ್ತೀನಿ."

"ಅಜ್ಜಿಗೆ ನಾನು ಬೇಡವಾಗಿತ್ತು, ಅವರು ಸುಳ್ಳು ಮಾಡಿದ್ರು," ಎಂದಳು ಅವಳು. "ನಿಮಗೆ ಬೇಕಾಗಿತ್ತು. ಇಷ್ಟು ಜನ ಕಳ್ಳಿ ಅಂದಾಗ ಗೋಡೆ ನೋಡ್ತಿದ್ರಿ." ಚಪ್ಪಲಿ ಮೆಟ್ಟಿ ಅಪ್ಪನ ತೋಳು ಹಿಡಿದಳು. "ಬಾಪ್ಪ, ಹೋಗೋಣ."

ಅವಳು ತಲೆಯೆತ್ತಿಕೊಂಡೇ ಗೇಟು ದಾಟಿದಳು.

ಭಾನುವಾರ ಹನ್ನೆರಡಕ್ಕೆ ಯಾರೋ ನಮ್ಮ ಬಾಗಿಲು ಬಡಿದರು. ಮುತ್ಯಾಲಮ್ಮಜ್ಜಿ ಒಬ್ಬರೇ ನಿಂತಿದ್ದರು, ಕೈಚೀಲದಲ್ಲಿ ಮನೆಯ ಸ್ಟೀಲ್ ತಟ್ಟೆ.

"ದೇವಿ ಅಲ್ಲಿ ಊಟ ಮಾಡು ಅಂದಿದ್ದಾಳೆ, ತೀರಿಸ್ಬೇಕು. ಆಟೋ ನಿಂತಿದೆ. ಮಗನ್ನ ಕರೀಲಿಲ್ಲ. ನೀವಿಬ್ರೂ ಬನ್ನಿ."

ಹೋಟೆಲಿನಲ್ಲಿ ಯಶಶ್ರೀ ತಾನೇ ಬಾಣಲೆ ತಂದು ಮೇಜಿನ ನಡುವೆ ಇಟ್ಟಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬೀನ್ಸು, ದೊಣ್ಣೆಮೆಣಸಿನಕಾಯಿ ಹಾಕಿದ ಅನ್ನದಿಂದ ಹಬೆ ಏಳುತ್ತಿತ್ತು. ನಾವು ಮುಟ್ಟುವ ಮೊದಲೇ ಅಜ್ಜಿ ತಮ್ಮ ಪಾಲನ್ನು ಸ್ಟೀಲ್ ತಟ್ಟೆಗೆ ಬಡಿಸಿಕೊಂಡರು. ಆಮೇಲೆ ಚೂಡಾಮಣಿಯಮ್ಮನೂ ನಾನೂ ಬಾಣಲೆಗೇ ಕೈ ಹಾಕಿ ತಿಂದೆವು.

"ಉಪ್ಪು ಕಮ್ಮಿ," ಎಂದರು ಅಜ್ಜಿ, ಯಾರನ್ನೂ ನೋಡದೆ.

ಅವರ ತಟ್ಟೆ ಖಾಲಿಯಾಗಿತ್ತು. ಆಮೇಲೆ ನಾನು ತಿನ್ನುತ್ತಿದ್ದ ಕಡೆಯಿಂದಲೇ, ಬಾಣಲೆಯ ತಳಕ್ಕೆ ಹಿಡಿದಿದ್ದ ಅನ್ನವನ್ನು ಬೆರಳಿನಿಂದ ಕೆರೆದು ಬಾಯಿಗಿಟ್ಟುಕೊಂಡರು.