ಹನ್ನೆರಡನೇ ತಂತಿಯ ಜೋಡಿ

ಕಾರ್ಖಾನೆಯ ಲೋಹ ಒತ್ತುವ ಪ್ರೆಸ್ ಯಂತ್ರದಡಿ ಸಿಕ್ಕವನನ್ನು ಹೊರಗೆಳೆದಾಗ ಜೀವ ಹೋಗಿತ್ತು. ಒಳಗೆ ಕೈ ಇದ್ದರೂ ಯಂತ್ರ ಇಳಿಯಬಾರದು. ಅದಕ್ಕೆಂದೇ ಸೆನ್ಸರ್ ಇದೆ. ಇಡೀ ಮನುಷ್ಯನೇ ಇದ್ದರೂ ಇಳಿದಿತ್ತು.

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ತಪ್ಪಿತಸ್ಥ ಸಿದ್ಧನಿದ್ದ. ಅಪರಾಧಿಗಳ ಹಿಂದೆ ಅಲೆದು ಚಪ್ಪಲಿ ಸವೆಸಿದ ಆಕೆಗೆ ಕೆಲಸ ಇಷ್ಟು ಸಲೀಸಾಗಿದ್ದು ಇದೇ ಮೊದಲು. ಯಂತ್ರಕ್ಕೆ ವೈರಿಂಗ್ ಮಾಡಿದವನು ಗೋಡೆಗೊರಗಿ ಕೂತಿದ್ದ. ಸತ್ತವನ ಒಡಹುಟ್ಟಿದ ಅಣ್ಣ. ಕಣ್ಣು ಒಣಗಿತ್ತು.

"ನಾನೇ ಕೊಂದೆ ಮೇಡಂ. ತಂತಿ ತಪ್ಪು ಹೆಣೆದಿದ್ದೀನಿ. ಡಿಸೈನರ್ ಸಾಹೇಬ್ರು ತೋರಿಸಿದ್ರು. ಬರ್ಕೊಳ್ಳಿ."

*

ತಂತಿಗಳ ನಕ್ಷೆ ಬರೆದ ಡಿಸೈನರ್ ಆಕೆಗೂ ತೋರಿಸಿದ. ಸೆನ್ಸರ್‌ಗೆ ಹೋಗುವ ತಂತಿ, ಮರಳುವ ತಂತಿ ಎರಡನ್ನೂ ಒಂದಕ್ಕೊಂದು ಹೆಣೆಯಬೇಕು. ಇಲ್ಲವಾದರೆ ಪಕ್ಕದ ಮೋಟರಿನ ವಿದ್ಯುತ್ ಗದ್ದಲ ಒಳನುಗ್ಗಿ ಸೆನ್ಸರ್ ಸುಳ್ಳು ಹೇಳುತ್ತದೆ. ಕಂಪ್ಯೂಟರಿನ ನಕ್ಷೆಯಲ್ಲಿ ಹನ್ನೊಂದು, ಹನ್ನೆರಡನೇ ತಂತಿಗಳನ್ನು ಸುತ್ತಿ ಪುಟ್ಟ ಉಂಗುರದ ಗುರುತಿತ್ತು. ಎರಡನೇ ಜೋಡಿ. ಯಂತ್ರದಲ್ಲಿ ಮಾತ್ರ ಹನ್ನೆರಡನೆಯದು ಹದಿಮೂರರ ಜೊತೆ ಹೆಣೆದುಕೊಂಡಿತ್ತು. ವೈರಿಂಗ್‌ಗೆ ಕೊಟ್ಟ ಮುದ್ರಿತ ಪ್ರತಿ ಎಲ್ಲಿ ಎಂದರೆ, ಹರಿದುಹೋಯಿತಂತೆ.

ಸೂಪರ್‌ವೈಸರ್ ಆಕೆಯನ್ನು ಪಕ್ಕಕ್ಕೆ ಕರೆದು ಕಿವಿ ಊದಿದ. ತಂಗಿಯ ಮದುವೆಯಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಬೇಕಂತಲೇ ಮಾಡಿರಬಹುದು.

ಆಕೆ ನಂಬಿದಳು. ಅಣ್ಣನೇ ತಮ್ಮನನ್ನು ಕೊಂದನೆಂದರೂ ಎದೆಯಲ್ಲಿ ಏನೂ ಅಲುಗಲಿಲ್ಲ. ಈ ಕೆಲಸದಲ್ಲಿ ಅದು ಯಾವಾಗಲೋ ಮರಗಟ್ಟಿತ್ತು.

*

ಆದರೂ ಯಂತ್ರದ ಪೆಟ್ಟಿಗೆ ತೆಗೆಸಿ ನೋಡಿದಳು. ಪ್ರತಿ ತಂತಿಯ ತುದಿಗೂ ಒಂದು ಬಿಳಿ ಕೊಳವೆ, ಅದರ ಮೇಲೆ ಅಚ್ಚು. ಹನ್ನೆರಡನೆಯದರ ಮೇಲೆ "12, ಜೋಡಿ 3" ಎಂದಿತ್ತು. ಹದಿಮೂರರ ಮೇಲೂ ಜೋಡಿ 3.

ಅಚ್ಚು ಹಾಕುವ ಹೆಂಗಸನ್ನು ಕರೆಸಿದಳು. ಕೈಯಲ್ಲಿ ಒಂದಕ್ಷರವನ್ನೂ ಹೊಡೆಯುವುದಿಲ್ಲ, ಡಿಸೈನರ್ ನಕ್ಷೆ ಕಳಿಸಿದರೆ ಕಂಪ್ಯೂಟರೇ ಅದರಿಂದ ಅಚ್ಚು ಹಾಕುತ್ತದೆ ಎಂದಳು ಆ ಹೆಂಗಸು. ಮೊದಲು ಕೊಳವೆ ತೂರಿಸುತ್ತಾರೆ, ಆಮೇಲೆ ತುದಿಗೆ ಲೋಹದ ಕೊಂಡಿ ಒತ್ತುತ್ತಾರೆ. ಮತ್ತೆ ಬದಲಿಸಬೇಕೆಂದರೆ ತಂತಿಯನ್ನೇ ಕತ್ತರಿಸಬೇಕು. ಇಲ್ಲಿ ಯಾರೂ ಕತ್ತರಿಸಿರಲಿಲ್ಲ.

*

"ನಿಮ್ಮ ನಕ್ಷೇಲಿ ಹನ್ನೆರಡು ಎರಡನೇ ಜೋಡಿ" ಎಂದಳು ಇನ್‌ಸ್ಪೆಕ್ಟರಮ್ಮ. "ಮೂರು ಅಂತ ಅಚ್ಚಾಗಿದ್ದು ಎಲ್ಲಿಂದ?"

"ಅವನು ಹೆಣೆಯುವಾಗ..." ಡಿಸೈನರ್ ತಡವರಿಸಿದ.

"ಹೆಣೆದಿದ್ದು ಅವನ ಕೈ. ಅಚ್ಚು ನಿಮ್ಮ ನಕ್ಷೇದು. ಅಚ್ಚು ಹಾಕಿಸಿದಾಗ ನಕ್ಷೇಲೂ ಮೂರೇ ಇತ್ತು. ಸಾವಿನ ಸುದ್ದಿ ಬಂದ ಮೇಲೆ ತಿದ್ದಿದ್ರಿ, ಮುದ್ರಿತ ಪ್ರತಿ ಹರಿದ್ರಿ. ಯಂತ್ರದೊಳಗಿನ ಕೊಳವೆ ತಿದ್ದೋಕೆ ಮಾತ್ರ ಆಗ್ಲಿಲ್ಲ."

ಡಿಸೈನರ್ ಪರದೆಯ ಮೇಲೆ ಹನ್ನೆರಡನೇ ತಂತಿಗೆ ಬೆರಳಿಟ್ಟ. "ಈ ಗೆರೆ ಕೆಳಗಿನ ಉಂಗುರದೊಳಗೆ ಬಿತ್ತು. ಅಷ್ಟೇ" ಎಂದ.

ಅವನನ್ನು ಜೀಪು ಹತ್ತಿಸಿ ಆಕೆ ಅಣ್ಣನ ಬಳಿ ಬಂದಳು. ಅವನು ಕೂತಲ್ಲೇ ಇದ್ದ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು.

"ಹಾಗಾದ್ರೆ ನಾನು ಸರಿಯಾಗೇ ಹೆಣೆದಿದ್ನಾ?"

"ನಕ್ಷೇಲಿದ್ದ ಹಾಗೇ. ಒಂದು ಎಳೇನೂ ತಪ್ಪಿಲ್ಲ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ತಪ್ಪಿದ್ರೆ ಬದುಕ್ತಿದ್ದ" ಎಂದ.

ಹೆಣ ಬಿಡಿಸಿಕೊಳ್ಳಲು ಯಾರ ಸಹಿ ಬೇಕೆಂದು ಅವನು ಕೇಳಿದ. ಅಣ್ಣನದಾದರೆ ಸಾಕು ಎಂದಳು.