ಸದ್ದು ಮಾಡೋ ಫ್ಯಾನೇ ಸಾಕು

ಯಾರೋ ಅವಳ ತೋಳು ಹಿಡಿದು ಜೋರಾಗಿ ಎಳೆದರು. ಮುಗ್ಗರಿಸಿ ಗೋಡೆಗೆ ಒರಗಿದ ಮರುಕ್ಷಣವೇ, ಅವಳು ನಿಂತಿದ್ದ ಜಾಗಕ್ಕೆ ಮಾನಿಟರ್ ಡಬ್ಬಗಳು ಒಂದರ ಮೇಲೊಂದು ಕುಸಿದು ಬಿದ್ದವು.

"ಪಕ್ಕಕ್ಕೆ ಬನ್ನಿ ಅಂತ ಮೂರು ಸಲ ಕೂಗಿದೆ ಮೇಡಂ. ಕಿವಿ ಕೇಳಿಸಲ್ವಾ ನಿಮಗೆ?"

ಕಂಪ್ಯೂಟರ್ ಅಂಗಡಿಯ ಯುವಕ ಗಾಬರಿಯಲ್ಲಿ ಆಡಿದ ಮಾತು. ಯಾರು ಯಾರಿಗೆ ಬೇಕಾದರೂ ಅನ್ನುವ ಮಾತು. ಆದರೂ ಅವಳ ಎದೆ ಧಸಕ್ಕೆಂದಿತು. ಡಬ್ಬಗಳು ತಲೆಯ ಮೇಲೇ ಬಿದ್ದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

ಇವರಿಗೆ ಗೊತ್ತಾಗಿಬಿಟ್ಟಿತಾ?

"ಏನೋ ಯೋಚನೇಲಿದ್ದೆ," ಎಂದಳು. ಕೈಚೀಲವನ್ನು ಅವುಚಿ ಹಿಡಿದಳು.

ಅವಳು ಒಬ್ಬ ವಕೀಲರ ಕಚೇರಿಯಲ್ಲಿ ಸ್ಟೆನೋ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವ ಕೆಲಸ. ಕಿವಿಯೇ ಅವಳಿಗೆ ಅನ್ನ. ಹೋದ ವರ್ಷ ಎಡಗಿವಿ ಕೈಕೊಟ್ಟಿತು. ಈಗ ಬಲಗಿವಿಯೂ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು. ಡಾಕ್ಟರು ಕಿವಿಗೆ ಮಷಿನ್ ಹಾಕಿಕೊಳ್ಳಿ, ಕೆಲವು ವರ್ಷ ನಡೆಯುತ್ತೆ ಅಂದಿದ್ದರು. ಹಾಕಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತಲ್ಲ... ಆಮೇಲೆ ಕೆಲಸ? ಅಮ್ಮನ ಮುಖ ಹೇಗೆ ನೋಡುವುದು?

ಹಾಗಾಗಿ ಯಾರಿಗೂ ಹೇಳದೆ, ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದಳು. ಮನೆಯಲ್ಲಿ ಮಾತ್ರ ಟಿವಿ ಅವಳ ಗುಟ್ಟು ಬಿಟ್ಟುಕೊಡುತ್ತಿತ್ತು. "ಪಕ್ಕದ ಬೀದಿಯವರಿಗೂ ಸಿನಿಮಾ ಕೇಳಿಸ್ಬೇಕೇನೇ?" ಎಂದು ಅಮ್ಮ ದಿನಾ ಗೊಣಗುತ್ತಿದ್ದರು. ಟಿವಿಗೆ ಒಂದು ಚಿಕ್ಕ ಕಂಪ್ಯೂಟರ್ ಜೋಡಿಸಿಬಿಟ್ಟರೆ ಸಿನಿಮಾಗಳನ್ನು ಸಬ್‌ಟೈಟಲ್ ಹಾಕಿಕೊಂಡು, ದೊಡ್ಡ ಅಕ್ಷರದಲ್ಲಿ ಓದಬಹುದು. ಸದ್ದೂ ಕಡಿಮೆ ಇಡಬಹುದು, ಅನುಮಾನವೂ ಬರುವುದಿಲ್ಲ.

"ಸಿನಿಮಾ ನೋಡೋಕೆ ಮಾತ್ರಾನಾ?" ಅವನು ಕಾಗದ ಎಳೆದುಕೊಂಡ. "ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರೇ ಆ ಕೆಲಸ ಮಾಡ್ಕೊಳ್ಳುತ್ತೆ. ಆದ್ರೆ ತೀರಾ ಹಳೇದು ತಗೋಬೇಡಿ, ಈಗಿನ ವಿಡಿಯೋ ಹಾಕಿದ್ರೆ ಏದುಸಿರು ಬಿಡುತ್ತೆ. ಎಂಟು ಜಿಬಿ ರ‍್ಯಾಮ್, ಸಿನಿಮಾ ಇಟ್ಕೊಳ್ಳೋಕೆ ಒಂದು ಚಿಕ್ಕ ಎಸ್‌ಎಸ್‌ಡಿ ಸಾಕು. ಉಳಿಸಿದ ದುಡ್ಡನ್ನ ಕಂಪ್ಯೂಟರ್ ತಂಪಾಗಿಡೋ ಒಳ್ಳೇ ಫ್ಯಾನಿಗೆ ಹಾಕಿ. ಹಾಲ್‌ನಲ್ಲಿ ಇಡ್ತೀರಲ್ಲ, ಸದ್ದು ಬರಬಾರದು."

"ಸದ್ದು ಮಾಡೋ ಫ್ಯಾನೇ ಸಾಕು. ಅದರ ಬದಲು ಸ್ವಲ್ಪ ದೊಡ್ಡ ಎಸ್‌ಎಸ್‌ಡಿ ಹಾಕಿ."

ಅವನು ತಲೆ ಎತ್ತಿ ನೋಡಿದ. "ಎಲ್ಲರೂ ಸದ್ದು ಬೇಡ ಅಂತ ಜಗಳ ಆಡ್ತಾರೆ. ನೀವೊಬ್ಬರೇ..."

ಅವಳು ನೋಟ ತಪ್ಪಿಸಿದಳು. ಒಳಗಿನಿಂದ ಅಂಗಡಿಯೊಡತಿ, ಅವನ ಅಕ್ಕ, "ಸ್ಕ್ರೂ, ಬೇಗ ಬಿಲ್ ಮಾಡೋ" ಎಂದು ಅವನ ಅಡ್ಡಹೆಸರು ಹಿಡಿದು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಅವನು ನಾಚಿ ಕಿವಿ ಕೆಂಪಾಗಿಸಿಕೊಂಡಿದ್ದು ಮಾತ್ರ ಕಂಡಿತು.

ಭಾನುವಾರ ಬೆಳಿಗ್ಗೆ ಅವನೇ ಪೆಟ್ಟಿಗೆ ಹೊತ್ತು ಮನೆಗೆ ಬಂದ. ಅಮ್ಮ ತರಕಾರಿ ತರಲು ಹೋಗಿದ್ದರು. ವೈರು ಸಿಕ್ಕಿಸಿ, ಸ್ವಿಚ್ ಒತ್ತಿದ. ಟಿವಿಯಲ್ಲಿ ನೀಲಿ ಬೆಳಕು ಅರಳಿತು. ಅವಳ ಮುಖವೂ ಅರಳಿತು.

ಅದೇ ಗಳಿಗೆಯಲ್ಲಿ ಪೆಟ್ಟಿಗೆಯೊಳಗೆ ಸಡಿಲಗೊಂಡಿದ್ದ ವೈರೊಂದು ಫ್ಯಾನಿಗೆ ತಾಗಿತು. ಹಲ್ಲು ಜುಮ್ಮೆನ್ನುವಂಥ ಕರಕರ ಸದ್ದು ಕೋಣೆಯನ್ನೆಲ್ಲ ತುಂಬಿತು. ಅವನು ಬೆಚ್ಚಿಬಿದ್ದ. ಅವಳು ಪರದೆ ನೋಡುತ್ತ ನಗುತ್ತಲೇ ಇದ್ದಳು.

ಅವನು ಸ್ವಿಚ್ ಆರಿಸಿ, ಪೆಟ್ಟಿಗೆಯತ್ತ ಬಗ್ಗಿಕೊಂಡೇ ಕೇಳಿದ. "ಈ ಸದ್ದು ನಿಮಗೆ ಕೇಳಿಸ್ಲಿಲ್ವಾ?"

"ಹೂಂ, ಬಣ್ಣ ತುಂಬಾ ಚೆನ್ನಾಗಿದೆ," ಎಂದಳು.

ಅವನು ನಿಧಾನವಾಗಿ ಎದ್ದು ಅವಳ ಎದುರಿಗೆ ಬಂದು ನಿಂತ. ಅವನ ಕಣ್ಣಿನಲ್ಲಿದ್ದುದನ್ನು ಕಂಡೊಡನೆ ಅವಳಿಗೆ ತಿಳಿಯಿತು. ತಾನೇನೋ ತಪ್ಪು ಉತ್ತರ ಕೊಟ್ಟಿದ್ದೇನೆ. ಸಿಕ್ಕಿಬಿದ್ದೆ.

"ಯಾರಿಗೂ ಹೇಳ್ಬೇಡಿ," ಎಂದಳು. "ಕೈ ಮುಗೀತೀನಿ. ಅಮ್ಮನಿಗೂ ಗೊತ್ತಿಲ್ಲ. ಕೆಲಸ ಹೋಗುತ್ತೆ..."

"ಹೇಳಲ್ಲ," ಎಂದ ಅವನು, ಬಿಡಿಬಿಡಿಯಾಗಿ. "ಅವತ್ತು ಅಂಗಡೀಲಿ ಹಾಗೆ ಕೇಳಿದ್ದಕ್ಕೆ... ನನ್ನ ನಾಲಿಗೆಗೆ ಬೆಂಕಿ ಹಾಕ."

ಅಂದಿನಿಂದ ಅವನು ಮೆಸೇಜು ಕಳಿಸತೊಡಗಿದ. ಮೊದಮೊದಲು ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು. ಆಮೇಲೆ ಊಟ ಆಯ್ತಾ ಎಂದು. ಆಮೇಲೆ ಕಾರಣವೇ ಇಲ್ಲದೆ. ಭೇಟಿಯಾದಾಗೆಲ್ಲ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ನೋಡಿಕೊಂಡು ನಿಲ್ಲುತ್ತಿದ್ದ. ಅದನ್ನು ಅವಳು ಹೇಳಿಕೊಟ್ಟಿರಲಿಲ್ಲ.

ಅವಳಿಗೆ ಅವನು ಇಷ್ಟವಾದಷ್ಟೂ ಭಯ ಹೆಚ್ಚಾಯಿತು. ಇವತ್ತು ಕನಿಕರ. ನಾಳೆ ಬೇಸರ. ಒಂದೊಂದು ಮಾತನ್ನೂ ನಾಲ್ಕು ಸಲ ಹೇಳಿಸಿಕೊಳ್ಳುವ ಹೆಂಡತಿ ಯಾರಿಗೆ ಬೇಕು?

ಎರಡು ತಿಂಗಳ ಮೇಲೆ ಒಂದು ಸಂಜೆ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು ಅಂಗಡಿಗೆ ಹೊರಟಳು. ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡಬೇಕೆಂದು. ಗಾಜಿನ ಬಾಗಿಲ ಹೊರಗೇ ಕಾಲು ನಿಂತಿತು. ಒಳಗೆ ಅಕ್ಕ ಅವಳಿಗೆ ಬೆನ್ನು ಮಾಡಿ ನಿಂತು, ಫೋನಿನಲ್ಲಿದ್ದ ಅವಳದೇ ಫೋಟೋಗೆ ಬೊಟ್ಟು ಮಾಡಿ ಏನೋ ಕೇಳುತ್ತಿದ್ದರು. ಎದುರಿಗಿದ್ದ ಅವನ ತುಟಿಗಳು ಒಂದೇ ಒಂದು ಮಾತು ಹೇಳಿದವು.

ಬೇಡ.

ಅವಳು ತಿರುಗಿ ನಡೆದಳು. ಬೀದಿಯಲ್ಲಿ ಯಾವ ಬಸ್ಸಿನ ಹಾರ್ನೂ ಕೇಳಿಸಲಿಲ್ಲ. ಕಿವಿ ಹೋಗಿದ್ದಕ್ಕೋ ಎದೆ ಒಡೆದಿದ್ದಕ್ಕೋ ಅವಳಿಗೇ ತಿಳಿಯಲಿಲ್ಲ.

ಅವನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ. ಐದನೆಯ ದಿನ ಅವನು ಕಚೇರಿಗೇ ಬಂದ. ವರಾಂಡದಲ್ಲಿ ಅವನನ್ನು ಕಂಡೊಡನೆ ಅವಳು ಧಾವಿಸಿ ಹೊರಗೆ ಬಂದಳು. ಇಲ್ಲಿ ಏನಾದರೂ ಬಾಯಿ ಬಿಟ್ಟರೆ? ಬಾಗಿಲ ಆಚೆಗೇ ವಕೀಲರಿದ್ದರು.

"ಹೋಗಿ ಇಲ್ಲಿಂದ," ಪಿಸುಗುಟ್ಟಿದಳು.

ಅವನು ಬಾಗಿಲತ್ತ ಒಮ್ಮೆ ನೋಡಿದ. ಕಿಟಕಿಯ ಬೆಳಕಿಗೆ ಸರಿದು, ದನಿಯೇ ಇಲ್ಲದೆ ತುಟಿಯಲ್ಲಷ್ಟೇ ಕೇಳಿದ. "ನಾನೇನು ತಪ್ಪು ಮಾಡ್ದೆ?"

ಅವಳ ಕಣ್ಣು ತುಂಬಿತು. "ನನ್ನ ಬೇಡ ಅಂದ್ರಿ. ನಿಮ್ಮಕ್ಕನ ಹತ್ರ. ಗಾಜಿನಾಚೆ ನಿಂತು ನಾನೇ ನೋಡ್ದೆ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಮೆಲ್ಲಗೆ ಮುಖ ಸಡಿಲಾಯಿತು.

"ನಿಮ್ಮ ಮನೆಗೆ ಮದುವೆ ಮಾತಾಡೋಕೆ ಯಾವಾಗ ಹೋಗೋಣ ಅಂತ ಅಕ್ಕ ಕೇಳಿದ್ಲು. ಬೇಗ ಅಂದೆ." ನಂತರ ದನಿಯಿಲ್ಲದೆ ಎರಡೂ ಮಾತು ಆಡಿ ತೋರಿಸಿದ. ಬೇಗ. ಬೇಡ. ಬೇಡ. ಬೇಗ.

ಅವಳು ಎವೆಯಿಕ್ಕದೆ ನೋಡಿದಳು. ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಎರಡೂ ಒಂದೇ ಥರ ಇದ್ದವು.

ಐದು ದಿನ ತಡೆದಿದ್ದ ಅಳು ಒಮ್ಮೆಗೇ ಬಂತು. ಅವನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದ. "ಕಿವಿ ವಿಷಯ ಅಕ್ಕನಿಗೂ ಹೇಳಿಲ್ಲ. ಅದು ನೀವು ಹೇಳ್ಬೇಕಾದ್ದು. ಹೇಳೋ ದಿನ ಬೇಕಾದ್ರೆ ಪಕ್ಕದಲ್ಲಿ ನಿಂತಿರ್ತೀನಿ."

"ಇವತ್ತು ಅಮ್ಮನಿಗೆ ಹೇಳ್ತೀನಿ," ಎಂದಳು. ಹೇಳಿದ ಮೇಲೆ ತನ್ನ ಮಾತಿಗೇ ಹೆದರಿ ಅವನ ಬೆರಳು ಹಿಡಿದಳು. "ನನಗೆ ನೀವು ಬೇಕು. ಆದ್ರೆ ಭಯ ಆಗುತ್ತೆ. ಒಂದು ದಿನ ನಿಮ್ಮ ದನಿ ಪೂರ್ತಿ ಕೇಳಿಸದೇ ಹೋಗುತ್ತೆ. ಆಗ?"

ಅವನಿಗೂ ಭಯವಿತ್ತು. ಇಲ್ಲವೆಂದು ಸುಳ್ಳು ಹೇಳಲಿಲ್ಲ. ಎದ್ದು, ಅವಳ ಬಲಗಡೆಗೆ ಬಂದು ಕುಳಿತ. "ಹಾಗಾದ್ರೆ ಈಗ್ಲೇ ಎಷ್ಟಾಗುತ್ತೋ ಅಷ್ಟು ಕೇಳಿಸ್ಕೊಂಡುಬಿಡಿ. ಏನು ಹೇಳ್ಲಿ?"

"ಏನಾದ್ರೂ."

"ನನಗೆ ನಾಲ್ಕು ವರ್ಷ ಆದ್ರೂ ಮಾತೇ ಬಂದಿರ್ಲಿಲ್ವಂತೆ. ಮೂಗ ಅಂತ ಮನೆಯವರೆಲ್ಲ ಆಸೆ ಬಿಟ್ಟಿದ್ರಂತೆ. ಒಂದಿನ ಅಕ್ಕ ನನ್ನ ಬಿಸ್ಕತ್ತು ಕಿತ್ಕೊಂಡ್ಲು ನೋಡಿ..."

ಅವಳು ಅವನ ಭುಜಕ್ಕೆ ಕಿವಿ ಹತ್ತಿರ ಮಾಡಿ ಕಣ್ಣು ಮುಚ್ಚಿಕೊಂಡಳು. ಎಷ್ಟೋ ತಿಂಗಳ ಮೇಲೆ, ತುಟಿ ನೋಡದೆ ಒಬ್ಬರ ಮಾತು ಕೇಳುತ್ತಿದ್ದಳು.

"ಕೇಳಿಸ್ತಾ ಇದೆಯಾ?"

"ಸ್ವಲ್ಪ," ಎಂದಳು. "ನಿಲ್ಲಿಸ್ಬೇಡಿ."